ಬೆಳೆಗೆ ರೋಗ, ಬೆಳೆಗೆ ಬರ, ನಡುವೆ ನಮ್ಮ ಲ್ಯಾಬು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರು ಜಗಳೂರು ತಾಲ್ಲೂಕು. ಈಗ ಕೆಲಸ ಸಸ್ಯರೋಗದ ಲ್ಯಾಬಿನಲ್ಲಿ. ದಾವಣಗೆರೆ ಕಡೆಯ ಭತ್ತ, ಮೆಕ್ಕೆಜೋಳ, ಅಡಿಕೆ ಬರುತ್ತವೆ. ಚಿತ್ರದುರ್ಗದ ಕಡೆಯಿಂದ ಶೇಂಗಾ, ಈರುಳ್ಳಿ, ದಾಳಿಂಬೆ ಬರುತ್ತವೆ. ಬರುವವರ ಮೊದಲ ಮಾತು ಮಾತ್ರ ಎಲ್ಲರದ್ದೂ ಒಂದೇ: "ಏನು ಹೊಡೀಬೇಕು ಹೇಳಿ ಮೇಡಂ." ನಾನು ತಿರುಗಿ ಕೇಳುವುದೂ ಒಂದೇ: "ಏನಾಗಿದೆ ಅಂತ ಮೊದಲು ನೋಡೋಣ್ವಾ?" ಹತ್ತಾರು ಸಲ ಕೊಟ್ಟ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಎಲೆ ನೋಡಿದ ಕೂಡಲೇ ರೋಗದ ಹೆಸರು ಹೇಳಬಾರದಾ? ಗೊಬ್ಬರದ ಅಂಗಡಿಯವರು ಹೇಳ್ತಾರಲ್ಲ?

ಕೆಲವನ್ನು ಹೇಳಬಹುದು. ಭತ್ತದ ಎಲೆ ಮೇಲೆ ಕಣ್ಣಿನ ಆಕಾರದ ಚುಕ್ಕೆ, ನಡುವೆ ಬೂದಿ ಬಣ್ಣ, ಅಂಚು ಕಂದು ಇದ್ದರೆ ಅದು ಬೆಂಕಿ ರೋಗ ಅಂತ ನನಗೂ ಗೊತ್ತಾಗುತ್ತದೆ, ನಿಮಗೂ ಗೊತ್ತಾಗುತ್ತದೆ. ತೊಂದರೆ ಇರುವುದು ಹಳದಿ ಎಲೆಯಲ್ಲಿ. ಸಾರಜನಕ ಕಡಿಮೆಯಾದರೂ ಹಳದಿ, ಬೇರು ಕೊಳೆತರೂ ಹಳದಿ, ನೀರು ನಿಂತರೂ ಹಳದಿ, ವೈರಸ್ ಬಂದರೂ ಹಳದಿ.

ನಮ್ಮ ಮನೆಯದ್ದೇ ಕತೆ ಹೇಳ್ತೀನಿ. ನಾನು ಹೈಸ್ಕೂಲಿನಲ್ಲಿದ್ದಾಗ ಹೊಲದ ಶೇಂಗಾ ಹಳದಿಗೆ ತಿರುಗಿತು. ಅಪ್ಪ ಒಂದು ಎಲೆ ಹಿಡಿದು ಅಂಗಡಿಗೆ ಹೋದರು. ಒಂದು ಔಷಧಿ ಕೊಟ್ಟರು, ಹೊಡೆದರು. ವಾರ ಬಿಟ್ಟು ಇನ್ನೊಂದು ಕೊಟ್ಟರು, ಅದನ್ನೂ ಹೊಡೆದರು. ಬೆಳೆ ಹಾಗೇ ಇತ್ತು, ಸಾಲ ಮಾತ್ರ ಬೆಳೆಯಿತು. ಎಷ್ಟೋ ವರ್ಷದ ಮೇಲೆ ಪಾಠದಲ್ಲಿ ಒಂದು ಚಿತ್ರ ನೋಡಿದೆ. ತುದಿಯ ಎಳೆ ಎಲೆ ಮಾತ್ರ ಹಳದಿ, ನರಗಳು ಹಸಿರು, ಕೆಳಗಿನ ಹಳೇ ಎಲೆ ಚೆನ್ನಾಗಿಯೇ ಇದೆ. ಅದು ರೋಗವೇ ಅಲ್ಲ, ಕಬ್ಬಿಣದ ಕೊರತೆ. ಸುಣ್ಣದ ಅಂಶ ಜಾಸ್ತಿ ಇರುವ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಜೊತೆಗೆ 1 ಗ್ರಾಂ ಸಿಟ್ರಿಕ್ ಆಮ್ಲ ಸೇರಿಸಿ ಸಿಂಪಡಿಸಿದ್ದರೆ ಸಾಕಿತ್ತು. ಅಪ್ಪ ಹೊಡೆದಿದ್ದು ಎರಡೂ ಬೂಷ್ಟಿನ ಔಷಧಿ.

ಅಂಗಡಿಯವರನ್ನು ಬೈಯುವುದಕ್ಕೆ ಇದನ್ನು ಹೇಳುತ್ತಿಲ್ಲ. ಒಂದು ಎಲೆ ನೋಡಿ ಅವರಾದರೂ ಏನು ಹೇಳಬೇಕಿತ್ತು? ಹೆಸರು ಗೊತ್ತಾಗದೆ ಹೊಡೆಯುವ ಔಷಧಿ ಕತ್ತಲಲ್ಲಿ ಕಲ್ಲು ಎಸೆದಂತೆ. ಬಿದ್ದರೂ ಬೀಳಬಹುದು, ಅಷ್ಟೇ.

ಸರಿ, ಲ್ಯಾಬಿಗೆ ಗಿಡ ತರ್ತೀವಿ. ಹೇಗೆ ತರಬೇಕು?

ಇದಕ್ಕೆ ಉದ್ದ ಉತ್ತರ ಬರೀತೀನಿ. ನಮ್ಮ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ.

ಪೂರ್ತಿ ಒಣಗಿ ಸತ್ತ ಗಿಡ ತರಬೇಡಿ. ಸತ್ತ ಗಿಡದ ಮೇಲೆ ಸಿಕ್ಕಸಿಕ್ಕ ಬೂಷ್ಟೆಲ್ಲ ಬಂದು ಕೂತಿರುತ್ತದೆ. ಕೊಂದವನು ಯಾರು, ತಿಥಿ ಊಟಕ್ಕೆ ಬಂದವನು ಯಾರು ಅಂತ ಗೊತ್ತಾಗುವುದಿಲ್ಲ. ಈಗ ತಾನೇ ರೋಗ ಶುರುವಾದ ಗಿಡ ಬೇಕು. ಎಲೆಯಲ್ಲಾದರೆ ಹಸಿರು ಭಾಗ ಮತ್ತು ರೋಗದ ಭಾಗ ಸೇರುವ ಅಂಚು ಇರಬೇಕು. ಜೀವಂತ ರೋಗಾಣು ಸಿಗುವುದು ಆ ಅಂಚಿನಲ್ಲಿ.

ಗಿಡ ಸೊರಗುತ್ತಿದ್ದರೆ ಎಲೆ ತಂದು ಪ್ರಯೋಜನವಿಲ್ಲ. ಬೇರು ಸಮೇತ, ಬೇರಿನ ಸುತ್ತಲ ಮಣ್ಣು ಸಮೇತ ಅಗೆದು ತನ್ನಿ. ಎಳೆದು ಕಿತ್ತರೆ ಕೊಳೆತ ಬೇರು ಮಣ್ಣಲ್ಲೇ ಉಳಿದುಬಿಡುತ್ತದೆ, ನಮಗೆ ಬೇಕಾಗಿದ್ದು ಅದೇ.

ಪ್ಲಾಸ್ಟಿಕ್ ಕವರಿನಲ್ಲಿ ಒದ್ದೆ ಎಲೆ ಕಟ್ಟಿ ತರಬೇಡಿ. ಚಳ್ಳಕೆರೆಯಿಂದ ಬಸ್ಸಿನಲ್ಲಿ ಬರುವಷ್ಟರಲ್ಲಿ ಅದು ಬೆಂದ ಸೊಪ್ಪಾಗಿರುತ್ತದೆ. ಹಳೇ ನ್ಯೂಸ್ ಪೇಪರಿನಲ್ಲಿ ಸುತ್ತಿ. ಜೊತೆಗೆ ಅದೇ ಹೊಲದ ಒಂದು ಚೆನ್ನಾಗಿರುವ ಗಿಡವೂ ಇರಲಿ. ಹೀಗೆ ಹೇಳಿದರೆ ಎಲ್ಲರೂ ನಗುತ್ತಾರೆ, ಆದರೆ ಹೋಲಿಸಿ ನೋಡುವುದಕ್ಕೆ ಅದು ಬೇಕೇ ಬೇಕು.

ಒಂದು ಚೀಟಿಯಲ್ಲಿ ಬರೆಯಿರಿ: ಯಾವ ತಳಿ, ಬಿತ್ತಿ ಎಷ್ಟು ದಿನ, ಹಿಂದಿನ ಬೆಳೆ ಏನು, ಯಾವಾಗ ನೀರು ಬಿಟ್ಟಿರಿ, ಈಗಾಗಲೇ ಏನು ಹೊಡೆದಿದ್ದೀರಿ. ಕೊನೆಯದನ್ನು ಮುಚ್ಚಿಡಬೇಡಿ. ಬೂಷ್ಟಿನ ಔಷಧಿ ಹೊಡೆದ ಎಲೆಯಿಂದ ನಾವು ಬೂಷ್ಟು ಬೆಳೆಸಲು ಒಂದು ವಾರ ಒದ್ದಾಡಿ, ಆಮೇಲೆ "ಅಯ್ಯೋ, ಮೊನ್ನೆ ತಾನೇ ಹೊಡೆದಿದ್ದೆ" ಅಂತ ನೀವು ಹೇಳಿದರೆ ಹೇಗಿರುತ್ತದೆ?

ಹೊಲದಲ್ಲಿ ರೋಗ ಹೇಗೆ ಹರಡಿದೆ ಅನ್ನುವುದನ್ನೂ ನೋಡಿ ಬನ್ನಿ. ಅಲ್ಲೊಂದು ಇಲ್ಲೊಂದು ಗುಂಪಾಗಿದೆಯೋ, ಬದುವಿನ ಕಡೆಯಿಂದ ಬರುತ್ತಿದೆಯೋ, ಇಡೀ ಹೊಲ ಒಂದೇ ಸಮ ಇದೆಯೋ? ಇಡೀ ಹೊಲ ಒಂದೇ ದಿನ ಒಂದೇ ಸಮ ಹಳದಿಯಾಯಿತು ಅಂದರೆ ನನ್ನ ಅನುಮಾನ ರೋಗದ ಮೇಲೆ ಕಡಿಮೆ. ಗೊಬ್ಬರ, ನೀರು ಅಥವಾ ಕಳೆನಾಶಕದ ಮೇಲೆ ಜಾಸ್ತಿ.

ಆಮೇಲೆ ಲ್ಯಾಬಿನಲ್ಲಿ ಅದಕ್ಕೆ ಏನು ಮಾಡ್ತೀರಿ?

ಮೊದಲು ಮೈಕ್ರೋಸ್ಕೋಪಿನ ಕೆಳಗೆ ಇಡುತ್ತೇವೆ. ಬೆಂಕಿ ರೋಗದ ಬೂಷ್ಟಿನ ಬೀಜಕಣ ಪಿಯರ್ ಹಣ್ಣಿನ ಆಕಾರದ್ದು, ಒಳಗೆ ಮೂರು ಕೋಣೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಅಷ್ಟಕ್ಕೇ ಗೊತ್ತಾಗದಿದ್ದರೆ ರೋಗಾಣುವನ್ನು ಬೆಳೆಸಬೇಕು. ಅದಕ್ಕೆ ಮಾಡುವ ಅಡುಗೆ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು: 200 ಗ್ರಾಂ ಆಲೂಗಡ್ಡೆ ಬೇಯಿಸಿದ ನೀರು, 20 ಗ್ರಾಂ ಡೆಕ್ಸ್ಟ್ರೋಸ್ ಸಕ್ಕರೆ, 20 ಗ್ರಾಂ ಅಗರ್, ಒಟ್ಟು ಒಂದು ಲೀಟರ್. ಅಗರ್ ಅಂದರೆ ಐಸ್‌ಕ್ರೀಂ ಅಂಗಡಿಯವರೂ ಬಳಸುವ ಚೈನಾ ಗ್ರಾಸ್. ಇದನ್ನು ಆಟೋಕ್ಲೇವ್‌ನಲ್ಲಿ 121 ಡಿಗ್ರಿಯಲ್ಲಿ 15ರಿಂದ 20 ನಿಮಿಷ ಬೇಯಿಸುತ್ತೇವೆ. ಆಟೋಕ್ಲೇವ್ ನಮ್ಮ ಮನೆಯ ಕುಕ್ಕರಿನ ದೊಡ್ಡಣ್ಣ, ಅಷ್ಟೇ. ತಟ್ಟೆಗೆ ಸುರಿದು ಆರಿಸಿ, ತೊಳೆದು ಶುದ್ಧ ಮಾಡಿದ ಎಲೆಯ ಸಣ್ಣ ತುಂಡನ್ನು ಮೇಲಿಟ್ಟರೆ ಒಂದು ವಾರದೊಳಗೆ ಬೂಷ್ಟು ಹೊರಗೆ ಹರಡುತ್ತದೆ. ಶೇಂಗಾದ ಬುಡ ಕೊಳೆಸುವ ಸ್ಕ್ಲೆರೋಷಿಯಂ ಆದರೆ ಬಿಳಿ ಹತ್ತಿಯ ಹಾಗೆ ಹಬ್ಬಿ, ಆಮೇಲೆ ಸಾಸಿವೆ ಕಾಳಿನಂಥ ಗುಂಡುಗಳನ್ನು ಬಿಡುತ್ತದೆ. ನಿಮ್ಮ ಹೊಲದ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತಾ ಕೂರುವುದು ಆ ಕಾಳುಗಳೇ.

ಬೆಳೆದು ಬಂದಿದ್ದೇ ಅಪರಾಧಿ ಅಂತ ಹೇಳಲು ಆಗುವುದಿಲ್ಲ. ಅದನ್ನು ಚೆನ್ನಾಗಿರುವ ಗಿಡಕ್ಕೆ ಹಚ್ಚಬೇಕು. ಅದೇ ರೋಗ ಬರಬೇಕು. ಆ ಗಿಡದಿಂದ ಮತ್ತೆ ಅದೇ ರೋಗಾಣುವನ್ನು ತೆಗೆಯಬೇಕು. ಆಗ ಮಾತ್ರ ಕೇಸು ಮುಗಿಯಿತು.

ದುಂಡಾಣುವಿಗೆ, ಅಂದರೆ ಬ್ಯಾಕ್ಟೀರಿಯಾಗೆ, ಸುಲಭದ ಒಂದು ಪರೀಕ್ಷೆ ಇದೆ, ನನಗೆ ತುಂಬಾ ಇಷ್ಟ. ದಾಳಿಂಬೆ ಎಲೆಯ ಚುಕ್ಕೆಯ ಅಂಚನ್ನು ಬ್ಲೇಡಿನಲ್ಲಿ ಕತ್ತರಿಸಿ ಒಂದು ಹನಿ ನೀರಿನಲ್ಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಕತ್ತರಿಸಿದ ಜಾಗದಿಂದ ಊದುಬತ್ತಿ ಹೊಗೆಯ ಹಾಗೆ ಸಣ್ಣಗೆ ಏನೋ ಹೊರಬರುತ್ತದೆ. ಆ ಹೊಗೆ ಅಂದರೆ ಲಕ್ಷಗಟ್ಟಲೆ ದುಂಡಾಣು. ಟೊಮೇಟೊ ಗಿಡ ಹಸಿರಾಗಿದ್ದಾಗಲೇ ಸೊರಗಿದರೆ ಇದನ್ನು ನೀವು ಮನೆಯಲ್ಲೇ ನೋಡಬಹುದು. ಕಾಂಡದ ಬುಡ ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ತೂಗುಬಿಡಿ. ಕೆಲವೇ ನಿಮಿಷದಲ್ಲಿ ಹಾಲಿನ ಎಳೆಯಂತೆ ಇಳಿದರೆ ಅದು ದುಂಡಾಣು ಸೊರಗು ರೋಗ. ಯಾವ ಬೂಷ್ಟಿನ ಔಷಧಿಯೂ ಅದಕ್ಕೆ ನಾಟುವುದಿಲ್ಲ.

ವೈರಸ್ ಮಾತ್ರ ಆಲೂಗಡ್ಡೆ ಅಡುಗೆಗೆ ಬಗ್ಗುವುದಿಲ್ಲ. ಜೀವಂತ ಗಿಡದೊಳಗೆ ಮಾತ್ರ ಅದರ ಆಟ. ಅದಕ್ಕೆ ಪಿಸಿಆರ್ ಬೇಕು.

ಪಿಸಿಆರ್ ಅಂದರೆ ಕೊರೊನಾಗೆ ಮಾಡ್ತಿದ್ರಲ್ಲ, ಅದೇನಾ?

ಅದೇ. ಮೂಗಿನ ಬದಲು ಎಲೆ. ರೋಗಾಣುವಿನ ಡಿಎನ್ಎಯ ಒಂದು ಸಣ್ಣ ತುಂಡನ್ನು ಬಿಸಿ ಮಾಡಿ, ತಣಿಸಿ, ಮತ್ತೆ ಬಿಸಿ ಮಾಡಿ ಕೋಟಿಗಟ್ಟಲೆ ನಕಲು ಮಾಡುವ ವಿಧಾನ. ಅಮೆರಿಕದ ಕ್ಯಾರಿ ಮುಲ್ಲಿಸ್ 1983ರಲ್ಲಿ ಕಂಡುಹಿಡಿದರು, 1993ರಲ್ಲಿ ನೊಬೆಲ್ ಸಿಕ್ಕಿತು. ದಾಳಿಂಬೆ ಸಸಿಯಲ್ಲಿ ಚುಕ್ಕೆ ಕಾಣುವ ಮೊದಲೇ ದುಂಡಾಣು ಒಳಗಿದೆಯಾ ಅಂತ ನೋಡಲೂ ಇದು ಆಗುತ್ತದೆ.

ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತಕ್ಕೆ ಬೆಂಕಿ ರೋಗ ಮತ್ತೆ ಮತ್ತೆ ಯಾಕೆ ಬರುತ್ತೆ?

ಅದಕ್ಕೆ ಬೇಕಾದ ಮೂರನ್ನೂ ನಾವೇ ಕೊಡುತ್ತೇವೆ: ರೋಗಕ್ಕೆ ಬೇಗ ತುತ್ತಾಗುವ ತಳಿ, ರಾತ್ರಿಯ ತಂಪು ಮತ್ತು ಇಬ್ಬನಿ, ಕೈ ಬಿಚ್ಚಿ ಹಾಕಿದ ಯೂರಿಯಾ. ತಂಪು ಇಬ್ಬನಿ ದೇವರದ್ದು ಅನ್ನೋಣ. ಯೂರಿಯಾ?

ಈ ಬೂಷ್ಟು ಎಲೆಯೊಳಗೆ ನುಗ್ಗುವ ರೀತಿ ನೋಡಿದರೆ ಬೆರಗಾಗುತ್ತದೆ. ಬೀಜಕಣ ಎಲೆ ಮೇಲೆ ಬಿದ್ದು, ಇಬ್ಬನಿಯಲ್ಲಿ ಮೊಳೆತು, ತುದಿಯಲ್ಲಿ ಒಂದು ಗುಮ್ಮಟ ಕಟ್ಟುತ್ತದೆ. ಗುಮ್ಮಟದ ಗೋಡೆಗೆ ಕಪ್ಪು ಬಣ್ಣದ ಮೆಲನಿನ್ ಬಳಿಯುತ್ತದೆ. ಒಳಗೆ ಒತ್ತಡ ಏರಿಸುತ್ತದೆ. ಆ ಒತ್ತಡ ಕಾರಿನ ಟೈರಿನ ಗಾಳಿಗಿಂತ ಸುಮಾರು 40 ಪಟ್ಟು. ಆ ಬಲದಿಂದ ಎಲೆಯ ಚರ್ಮಕ್ಕೆ ಮೊಳೆ ಹೊಡೆದು ಒಳಗೆ ಹೋಗುತ್ತದೆ. ಟ್ರೈಸೈಕ್ಲಜೋಲ್ ಅನ್ನುವ ಔಷಧಿ ಈ ಬೂಷ್ಟನ್ನು ನೇರವಾಗಿ ಕೊಲ್ಲುವುದಿಲ್ಲ. ಆ ಕಪ್ಪು ಬಣ್ಣವನ್ನು ತಯಾರಿಸಲು ಬಿಡುವುದಿಲ್ಲ. ಗೋಡೆ ಸೋರುತ್ತದೆ, ಒತ್ತಡ ಏರುವುದಿಲ್ಲ, ಮೊಳೆ ಇಳಿಯುವುದಿಲ್ಲ. ಹಾಗಾಗಿ ಬೂಷ್ಟು ಒಳಗೆ ಹೋದ ಮೇಲೆ ಇದನ್ನು ಹೊಡೆದರೆ ತಡವಾಯಿತು ಅಂತಲೇ ಅರ್ಥ. ಲ್ಯಾಬಿನ ಕೆಲಸದಿಂದ ಹೊಲಕ್ಕೆ ಏನು ಲಾಭ ಅಂತ ಕೇಳುವವರಿಗೆ ನಾನು ಕೊಡುವ ಉದಾಹರಣೆ ಇದೇ.

ಯೂರಿಯಾ ಜಾಸ್ತಿಯಾದರೆ ಎಲೆ ಮೆತ್ತಗಾಗುತ್ತದೆ, ಮೊಳೆ ಸಲೀಸಾಗಿ ಇಳಿಯುತ್ತದೆ. ಸಿಲಿಕಾ ಸಿಕ್ಕ ಭತ್ತದ ಎಲೆ ಗಟ್ಟಿಯಾಗಿರುತ್ತದೆ. ರೈಸ್ ಮಿಲ್ಲಿನ ಹೊಟ್ಟಿನ ಬೂದಿಯಲ್ಲಿ ಸಿಲಿಕಾ ಬೇಕಾದಷ್ಟಿದೆ. ನಮ್ಮಲ್ಲಿ ಮಿಲ್ಲುಗಳಿಗೇನು ಬರ?

ರೋಗ ನಿರೋಧಕ ತಳಿ ಅಂತ ತಂದು ಹಾಕಿದೆ. ನಾಲ್ಕೇ ವರ್ಷಕ್ಕೆ ಅದಕ್ಕೂ ರೋಗ ಬಂತು. ಮೋಸ ಅಲ್ವಾ?

ಮೋಸ ಅಲ್ಲ. ಬೀಗ ಅದೇ ಇದೆ, ಕಳ್ಳ ಹೊಸ ಕೀಲಿ ಮಾಡಿಕೊಂಡ.

ಗಿಡದ ಒಂದು ಜೀನು ರೋಗಾಣುವಿನ ಒಂದು ಗುರುತನ್ನು ಪತ್ತೆ ಹಚ್ಚುತ್ತದೆ. ಪತ್ತೆಯಾದ ಕೂಡಲೇ ಗಿಡ ಆ ಜಾಗದ ತನ್ನದೇ ಜೀವಕೋಶಗಳನ್ನು ಸಾಯಿಸಿ ರೋಗಾಣುವಿಗೆ ಊಟ ಸಿಗದ ಹಾಗೆ ಮಾಡುತ್ತದೆ. ರೋಗಾಣು ಆ ಗುರುತನ್ನು ಬದಲಿಸಿಕೊಂಡರೆ ಗಿಡಕ್ಕೆ ಅದು ಕಾಣುವುದೇ ಇಲ್ಲ. ಊರಿಗೆ ಊರೇ ಒಂದೇ ತಳಿ ಬೆಳೆದರೆ ಕಳ್ಳನಿಗೆ ಒಂದು ಕೀಲಿ ಸಾಕು, ಎಲ್ಲರ ಮನೆ ಬಾಗಿಲೂ ತೆರೆಯುತ್ತದೆ.

ಅದಕ್ಕೇ ಈಗ ಒಂದು ತಳಿಗೆ ಎರಡು ಮೂರು ಬೀಗ ಹಾಕುತ್ತಾರೆ. ಬಿಪಿಟಿ-5204, ಅಂದರೆ ಸಾಂಬಾ ಮಸೂರಿ, ನಿಮಗೆ ಗೊತ್ತು. ಊಟಕ್ಕೆ ಚಂದ, ಆದರೆ ದುಂಡಾಣು ಅಂಗಮಾರಿಗೆ ಬೇಗ ಬೀಳುತ್ತದೆ. ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆ ಮತ್ತು ಅಲ್ಲಿನದೇ ಜೀವಕೋಶ ಸಂಶೋಧನಾ ಕೇಂದ್ರ ಸಿಸಿಎಂಬಿ ಸೇರಿ ಅದಕ್ಕೆ ಮೂರು ನಿರೋಧಕ ಜೀನುಗಳನ್ನು ಕೂಡಿಸಿದರು. ಸುಧಾರಿತ ಸಾಂಬಾ ಮಸೂರಿ ಅಂತ 2008ರಲ್ಲಿ ಬಿಡುಗಡೆಯಾಯಿತು. ಆ ಮೂರರಲ್ಲಿ ಒಂದಾದ ಎಕ್ಸ್‌ಎ-21 ಮೂಲತಃ ಆಫ್ರಿಕಾದ ಕಾಡುಭತ್ತದ್ದು. ಮೂರೂ ಬೀಗದ ಕೀಲಿ ಒಟ್ಟಿಗೆ ಮಾಡುವುದು ಕಳ್ಳನಿಗೆ ಕಷ್ಟ. ಆಗುವುದೇ ಇಲ್ಲ ಅಂತ ಹೇಳಲಾರೆ.

ಒಂದು ಹೊಸ ತಳಿ ಬರೋಕೆ ಯಾಕೆ ಹತ್ತು ವರ್ಷ?

ಕ್ರಾಸ್ ಮಾಡುವುದು ಒಂದು ದಿನದ ಕೆಲಸ. ಆಮೇಲೆ ಸಾವಿರಾರು ಮಕ್ಕಳಲ್ಲಿ ರುಚಿ ತಾಯಿಯದ್ದು, ರೋಗ ತಡೆಯುವ ಗುಣ ತಂದೆಯದ್ದು ಇರುವವನ್ನು ಆರಿಸಬೇಕು. ಏಳೆಂಟು ತಲೆಮಾರು ಬೆಳೆಸಿ ಗುಣ ನಿಲ್ಲಿಸಬೇಕು. ನಂತರ ಬೇರೆ ಬೇರೆ ಊರಿನಲ್ಲಿ, ಬೇರೆ ಬೇರೆ ಮಳೆಗಾಲದಲ್ಲಿ ಪರೀಕ್ಷೆ.

ಲ್ಯಾಬು ಇಲ್ಲಿ ಸಮಯ ಉಳಿಸುತ್ತದೆ. ನಮಗೆ ಬೇಕಾದ ಜೀನು ಕಣ್ಣಿಗೆ ಕಾಣುವುದಿಲ್ಲ, ಆದರೆ ಅದರ ಪಕ್ಕದಲ್ಲಿರುವ ಒಂದು ಡಿಎನ್ಎ ಗುರುತು ನಮಗೆ ಗೊತ್ತು. ಹಳ್ಳಿಯಲ್ಲಿ ವಿಳಾಸ ಹೇಳುವಾಗ "ಬೇವಿನ ಮರದ ಪಕ್ಕದ ಮನೆ" ಅಂತೀವಲ್ಲ, ಹಾಗೆ. ಬೇವಿನ ಮರ ಸಿಕ್ಕರೆ ಮನೆ ಸಿಕ್ಕಂತೆ. ಸಸಿ ಅಂಗೈ ಉದ್ದ ಇರುವಾಗಲೇ ಒಂದು ತುಂಡು ಎಲೆ ಕಿತ್ತು ನೋಡಿ, ಗುರುತು ಇಲ್ಲದ್ದನ್ನು ಕಿತ್ತು ಬಿಸಾಡಬಹುದು. ಬೆಳೆದು, ರೋಗ ಬರುವವರೆಗೆ ಕಾಯಬೇಕಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯಲ್ಲಿ, ಗದ್ದೆಯಲ್ಲಿ ನೀರು ನಿಲ್ಲಿಸದೆ ಬೆಳೆಯುವ ಏರೋಬಿಕ್ ಭತ್ತದ ಎಂಎಎಸ್ 946-1 ತಳಿಯನ್ನು ಹೀಗೆ ಗುರುತು ಹಿಡಿದೇ ಆರಿಸಿದ್ದು. ಹೆಸರಿನ ಮೂರಕ್ಷರ ಆ ವಿಧಾನದ್ದೇ: ಮಾರ್ಕರ್ ಅಸಿಸ್ಟೆಡ್ ಸೆಲೆಕ್ಷನ್, ಅಂದರೆ ಗುರುತು ಹಿಡಿದು ಆರಿಸುವುದು.

ಹಳೇ ದಾರಿಯೂ ಬಿಟ್ಟಿಲ್ಲ. ಬೆಂಕಿ ರೋಗ ತಡೆಯುವುದಕ್ಕೆ ಹೆಸರಾದ ಜಿಪಿಯು-28 ರಾಗಿ, ಬರ ತಾಳುವ ಎಂಎಲ್-365 ರಾಗಿ, ಎಲೆಚುಕ್ಕೆ ಮತ್ತು ತುಕ್ಕು ರೋಗ ತಡೆಯುವ ಧಾರವಾಡದ ಜಿಪಿಬಿಡಿ-4 ಶೇಂಗಾ ಇವೆಲ್ಲ ಹೊಲದಲ್ಲಿ ಕಣ್ಣಿಟ್ಟು ಆರಿಸಿದವು. ಚಳ್ಳಕೆರೆ ಕಡೆ ಟಿಎಂವಿ-2 ಶೇಂಗಾ ಬಿಟ್ಟು ಬೇರೆಯದಕ್ಕೆ ಹೋಗುವುದಕ್ಕೆ ಜನ ಇಷ್ಟು ವರ್ಷ ಯಾಕೆ ಹಿಂದೆ ಮುಂದೆ ನೋಡಿದರು ಅನ್ನುವುದು ಬೇರೆಯೇ ಕತೆ. ಬೀಜ ಮನೆಯಲ್ಲೇ ಇರುತ್ತದೆ, ಕಾಯಿಗೆ ಗಿರಾಕಿ ಇದ್ದಾರೆ. ಅದನ್ನು ಯಾವ ಲ್ಯಾಬು ಬದಲಿಸುತ್ತದೆ ಹೇಳಿ?

ನಿರೋಧಕ, ತಾಳಿಕೆ ಎರಡೂ ಒಂದೇನಾ?

ಅಲ್ಲ. ರೋಗವನ್ನು ಒಳಗೇ ಬಿಡದಿರುವುದು ನಿರೋಧಕ ಗುಣ. ಬಂದರೂ ತಡೆದುಕೊಂಡು ಇಳುವರಿ ಕೊಡುವುದು ತಾಳಿಕೆ. ಬರಕ್ಕೆ ನಿರೋಧಕ ಅಂತ ಯಾವ ಬೆಳೆಯೂ ಇಲ್ಲ. ನೀರಿಲ್ಲದೆ ಬೆಳೆಯುವ ಬೆಳೆ ಅಂತ ಯಾರಾದರೂ ಬೀಜ ಮಾರಿದರೆ ಚೀಲ ಅಲ್ಲೇ ಇಟ್ಟು ಬನ್ನಿ.

ಲ್ಯಾಬಿನೊಳಗೆ ಬರ ಹೇಗೆ ತರಿಸ್ತೀರಿ?

ಚಳ್ಳಕೆರೆಯವರು ಇದನ್ನು ಕೇಳಿ ನಗುತ್ತಾರೆ. "ನಮ್ಮೂರಿಗೆ ಬನ್ನಿ ಮೇಡಂ, ಪುಕ್ಕಟೆ ಸಿಗುತ್ತೆ" ಅಂತ ಒಬ್ಬರು ಹೇಳಿದ್ದರು. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಅದೂ ಒಂದು, ತಮಾಷೆ ಮಾಡುವ ಹಕ್ಕು ಅವರಿಗಿದೆ. ಆದರೆ ಹೊಲದ ಬರ ನಮ್ಮ ಮಾತು ಕೇಳುವುದಿಲ್ಲ. ಪ್ರಯೋಗ ಇಟ್ಟ ವರ್ಷವೇ ಮಳೆ ಸುರಿದುಬಿಡುತ್ತದೆ.

ಮೊಳಕೆ ಹಂತದಲ್ಲಿ ಪಿಇಜಿ ಅನ್ನುವ ಅಂಟಿನಂಥ ಪದಾರ್ಥ ಕಲಸಿದ ನೀರಿನಲ್ಲಿ ಬೀಜ ಇಡುತ್ತೇವೆ. ನೀರು ಕಣ್ಣೆದುರೇ ಇರುತ್ತದೆ, ಆದರೆ ಪಿಇಜಿ ಅದನ್ನು ಹಿಡಿದುಕೊಂಡಿರುತ್ತದೆ, ಬೇರಿಗೆ ಬಿಟ್ಟುಕೊಡುವುದಿಲ್ಲ. ಗಿಡ ದೊಡ್ಡದಾದ ಮೇಲೆ ಕುಂಡದಲ್ಲಿ ಪರೀಕ್ಷೆ. ದಿನವೂ ಪ್ರತಿ ಕುಂಡವನ್ನು ತಕ್ಕಡಿಯಲ್ಲಿಟ್ಟು ತೂಗಿ, ಎಷ್ಟು ನೀರು ಕಡಿಮೆಯಾಗಿದೆಯೋ ಲೆಕ್ಕ ಹಾಕಿ ಬೇಕಾದಷ್ಟು ಮಾತ್ರ ಹಾಕುತ್ತೇವೆ. ಇನ್ನೂರು ಕುಂಡ ದಿನಾ ಎತ್ತಿ ಇಳಿಸುವುದಕ್ಕೆ ವಿಜ್ಞಾನಕ್ಕಿಂತ ಸೊಂಟ ಗಟ್ಟಿ ಇರಬೇಕು.

ಏನನ್ನು ನೋಡುತ್ತೇವೆ? ಬೇರು ಎಷ್ಟು ಆಳ ಹೋಯಿತು. ಎಲೆಯಲ್ಲಿ ನೀರು ಎಷ್ಟು ಉಳಿದಿದೆ. ಎಲೆಯ ಬಿಸಿ ಎಷ್ಟು. ಬಿಸಿ ನೋಡುವುದು ಯಾಕೆ ಅಂದರೆ, ಗಿಡವೂ ನಮ್ಮ ಹಾಗೇ ಬೆವರಿ ತಣ್ಣಗಾಗುತ್ತದೆ. ನೀರು ಸಾಲದಾದಾಗ ಬೇರಿನಲ್ಲೂ ಎಲೆಯಲ್ಲೂ ಅಬ್ಸಿಸಿಕ್ ಆಮ್ಲ ತಯಾರಾಗುತ್ತದೆ. ಅದು ಎಲೆಯ ರಂಧ್ರಗಳಿಗೆ "ಬಾಗಿಲು ಹಾಕ್ಕೊಳ್ಳಿ" ಅನ್ನುತ್ತದೆ. ಬಾಗಿಲು ಹಾಕಿದರೆ ನೀರು ಉಳಿಯಿತು, ಆದರೆ ಎಲೆ ಬಿಸಿಯಾಯಿತು, ಊಟ ತಯಾರಿಸುವುದೂ ನಿಂತಿತು. ತುಂಬಾ ಬೇಗ ಬಾಗಿಲು ಹಾಕುವ ಗಿಡ ಬದುಕುತ್ತದೆ, ಕಾಳು ಕೊಡುವುದಿಲ್ಲ. ನಮಗೆ ಬೇಕಾದ ಗಿಡ ಬದುಕಿದರೆ ಸಾಲದು, ದುಡಿಯಬೇಕು. ಬರ ತಾಳಿಕೆಯ ಸಂಶೋಧನೆ ಕಷ್ಟವಾಗಿರುವುದು ಇದಕ್ಕೇ. ಒಂದು ಜೀನು ಸಿಕ್ಕಿತು, ಮುಗಿಯಿತು ಅನ್ನುವ ಹಾಗಿಲ್ಲ.

ಬರಕ್ಕೂ ರೋಗಕ್ಕೂ ಬೇರೆ ಬೇರೆ ಲ್ಯಾಬಾ?

ಬಾಗಿಲ ಮೇಲಿನ ಬೋರ್ಡು ಬೇರೆ ಬೇರೆ. ಹೊಲದಲ್ಲಿ ಮಾತ್ರ ಎರಡೂ ಒಂದೇ ಗಿಡದ ಮೇಲೆ ಬರುತ್ತವೆ. ನನ್ನನ್ನು ಕೇಳಿದರೆ ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಆದರೆ ಕೇಳುವವರು ಕಡಿಮೆ.

ಮೆಕ್ಕೆಜೋಳದ ಕಾಂಡದ ಒಳಗೆಲ್ಲ ಇದ್ದಿಲ ಪುಡಿ ಉದುರಿಸಿದ ಹಾಗೆ ಕಪ್ಪಾಗಿ, ಗಿಡ ತೆನೆ ಸಮೇತ ಮುರಿದು ಬೀಳುವುದನ್ನು ದಾವಣಗೆರೆ ಕಡೆ ನೋಡಿರುತ್ತೀರಿ. ಮ್ಯಾಕ್ರೋಫೋಮಿನಾ ಅನ್ನುವ ಬೂಷ್ಟು ಅದು. ಮಣ್ಣಿನಲ್ಲಿ ಸದಾ ಇರುತ್ತದೆ. ಮಳೆ ಸರಿಯಾಗಿ ಬಂದ ವರ್ಷ ಅದರ ಸದ್ದೇ ಇಲ್ಲ. ಹೂ ಬಿಟ್ಟ ಮೇಲೆ ಮಳೆ ಕೈಕೊಟ್ಟು ಬಿಸಿಲು ಏರಿತು ಅಂದರೆ ಶುರು. ಹಾಗಿದ್ದರೆ ಆ ಗಿಡ ಸತ್ತಿದ್ದು ರೋಗದಿಂದಲೋ ಬರದಿಂದಲೋ? ಔಷಧಿ ಹೊಡೆಯುವುದಕ್ಕಿಂತ ಆ ಹೊತ್ತಿಗೆ ಒಂದು ನೀರು ಕೊಟ್ಟಿದ್ದರೆ ಜಾಸ್ತಿ ಉಪಯೋಗವಾಗುತ್ತಿತ್ತು.

ಶೇಂಗಾದಲ್ಲಿ ಇದು ಇನ್ನೂ ಗಂಭೀರ. ಕಾಯಿ ಬಲಿಯುವಾಗ ಬರ ಬಿದ್ದರೆ ಅಸ್ಪರ್ಜಿಲ್ಲಸ್ ಬೂಷ್ಟು ಕಾಯಿಯೊಳಗೆ ಸೇರಿ ಅಫ್ಲಾಟಾಕ್ಸಿನ್ ವಿಷ ಬಿಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗಲೇ ಇದು ಜಗತ್ತಿಗೆ ಗೊತ್ತಾಗಿದ್ದು. ಅವಕ್ಕೆ ಹಾಕಿದ್ದು ಬ್ರೆಜಿಲ್‌ನಿಂದ ತಂದ ಶೇಂಗಾ ಹಿಂಡಿ. ಈ ವಿಷ ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಕಿತ್ತ ಮೇಲೆ ಕಾಯಿಯನ್ನು ಚೆನ್ನಾಗಿ ಒಣಗಿಸಿ. ಒಡೆದ, ಸುಕ್ಕಿದ, ಬೂಷ್ಟು ಹಿಡಿದ ಕಾಯಿ ಬೇರೆ ಮಾಡಿ. ಅದನ್ನು ದನಕ್ಕೂ ಹಾಕಬೇಡಿ. ವಿಷ ಹಾಲಿನಲ್ಲಿ ವಾಪಸ್ ಮನೆಗೇ ಬರುತ್ತದೆ.

ಟ್ರೈಕೋಡರ್ಮಾ ನಿಜವಾಗಲೂ ಕೆಲಸ ಮಾಡತ್ತಾ, ಇಲ್ಲಾ ಸುಮ್ನೆ ಪುಡಿನಾ?

ನಮ್ಮ ತಟ್ಟೆಯಲ್ಲಿ ಒಂದು ಕಡೆ ಸ್ಕ್ಲೆರೋಷಿಯಂ, ಇನ್ನೊಂದು ಕಡೆ ಟ್ರೈಕೋಡರ್ಮಾ ಅನ್ನುವ ಹಸಿರು ಬೂಷ್ಟು ಇಟ್ಟರೆ ಕೆಲವೇ ದಿನದಲ್ಲಿ ಹಸಿರಿನದು ಬಿಳಿಯದರ ಮೇಲೆ ಹತ್ತಿ ಅದನ್ನು ಸುತ್ತಿ ತಿನ್ನುತ್ತದೆ. ನೋಡುವುದಕ್ಕೆ ಕುಸ್ತಿ ಪಂದ್ಯದ ಹಾಗಿರುತ್ತದೆ. ಹೊಲದಲ್ಲೂ ಕೆಲಸ ಮಾಡುತ್ತದೆ, ಅದು ಜೀವಂತವಾಗಿದ್ದರೆ. ಬಿಸಿಲಿನ ಶೆಡ್ಡಿನಲ್ಲಿ ವರ್ಷ ಬಿದ್ದಿದ್ದ ಪ್ಯಾಕೆಟ್ ತಂದರೆ ಅದು ಸುಮ್ನೆ ಪುಡಿನೇ. ತಯಾರಾದ ತಾರೀಕು ನೋಡಿ ತನ್ನಿ. ಒಂದು ಕೆಜಿಯನ್ನು 100 ಕೆಜಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ, ನೆರಳಲ್ಲಿ, ಗೋಣಿಚೀಲ ಮುಚ್ಚಿ, ಹಸಿ ಆರದಂತೆ 10–15 ದಿನ ಇಟ್ಟು ಬಿತ್ತನೆಗೆ ಮೊದಲು ಹಾಕಿ. ಬೂಷ್ಟಿನ ಔಷಧಿ ಜೊತೆ ಬೆರೆಸಬೇಡಿ, ಅದೂ ಬೂಷ್ಟೇ, ಸಾಯುತ್ತದೆ. ಒಣ ಮಣ್ಣಿನಲ್ಲಿ ಜಾಸ್ತಿ ನಿರೀಕ್ಷೆ ಇಟ್ಟುಕೊಳ್ಳಬೇಡಿ.

ಹೊಸ ಹೊಸ ಔಷಧಿ ಇರುವಾಗ ಅಡಿಕೆಗೆ ಇನ್ನೂ ಬೋರ್ಡೋ ದ್ರಾವಣ ಯಾಕೆ?

ಅದು ರೋಗಾಣುವನ್ನು ಒಂದೇ ಜಾಗದಲ್ಲಿ ಹೊಡೆಯುವುದಿಲ್ಲ, ಹತ್ತು ಕಡೆ ಹೊಡೆಯುತ್ತದೆ. ಅದಕ್ಕೇ ಇಷ್ಟು ವರ್ಷವಾದರೂ ಕೊಳೆರೋಗ ಅದಕ್ಕೆ ಒಗ್ಗಿಕೊಂಡಿಲ್ಲ. ಹುಟ್ಟಿದ ಕತೆ ಚೆನ್ನಾಗಿದೆ. ಫ್ರಾನ್ಸಿನ ಬೋರ್ಡೋದಲ್ಲಿ ದಾರಿಬದಿಯ ದ್ರಾಕ್ಷಿ ಕದಿಯಬಾರದು ಅಂತ ರೈತರು ಮೈಲುತುತ್ತ ಮತ್ತು ಸುಣ್ಣ ಕಲಸಿ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ಬಂದಿರಲಿಲ್ಲ. ಮಿಲಾರ್ಡೆ ಅನ್ನುವ ವಿಜ್ಞಾನಿ ಅದನ್ನು ಗಮನಿಸಿ 1885ರಲ್ಲಿ ಪ್ರಕಟಿಸಿದರು. ನಮ್ಮಲ್ಲಿ ಅಡಿಕೆ ಕೊಳೆರೋಗದ ಮೇಲೆ ಮೊದಲು ಆಳವಾಗಿ ಕೆಲಸ ಮಾಡಿದ್ದು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್.

ಚನ್ನಗಿರಿ, ಹೊನ್ನಾಳಿ ಕಡೆಯವರಿಗೆ ಅಳತೆ ಗೊತ್ತು: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ತಪ್ಪುವುದು ಪರೀಕ್ಷೆಯಲ್ಲಿ. ಹೊಳೆಯುವ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪಗೆ ತಾಮ್ರ ಹತ್ತಿದರೆ ಇನ್ನೂ ಸುಣ್ಣದ ನೀರು ಬೇಕು. ಅವತ್ತು ಮಾಡಿದ್ದು ಅವತ್ತೇ ಮುಗಿಸಿ.

ದಾಳಿಂಬೆ ದುಂಡಾಣುವಿಗೆ ಲ್ಯಾಬಿನವರು ಒಂದು ಔಷಧಿ ಕಂಡುಹಿಡೀಬಾರದಾ?

ಹಿರಿಯೂರು, ಹೊಸದುರ್ಗದವರು ಇದನ್ನು ಕೋಪದಲ್ಲೇ ಕೇಳುತ್ತಾರೆ, ಆ ಕೋಪ ನ್ಯಾಯವೇ. ಹಣ್ಣು ಸೀಳಿ ನಿಂತ ತೋಟ ನೋಡಿದ್ದೇನೆ. ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ. ಆಂಟಿಬಯೋಟಿಕ್ ಪದೇ ಪದೇ ಹೊಡೆದರೆ ಅದಕ್ಕೆ ಬಗ್ಗದ ದುಂಡಾಣು ಹುಟ್ಟಿಕೊಳ್ಳುತ್ತದೆ. ಇದು ಹರಡುವುದು ಮಳೆ ಹನಿಯ ಸಿಡಿತದಿಂದ, ರೋಗದ ಸಸಿಯಿಂದ ಮತ್ತು ಚಾಟನಿ ಕತ್ತರಿಯಿಂದ, ಅಂದರೆ ಕೊಂಬೆ ಸವರುವ ಕತ್ತರಿಯಿಂದ. ಒಂದು ಗಿಡ ಕತ್ತರಿಸಿ ಮುಂದಿನದಕ್ಕೆ ಹೋಗುವಾಗ ಕತ್ತರಿಯನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ. ಚಾಟನಿ ಮಾಡುವ ಗುಂಪು ತೋಟದಿಂದ ತೋಟಕ್ಕೆ ಅದೇ ಕತ್ತರಿ ಹಿಡಿದು ಹೋಗುತ್ತದೆ ಅನ್ನುವುದನ್ನು ಮರೆಯಬೇಡಿ.

ಸೈನಿಕ ಹುಳು ನಿಮ್ಮ ಲ್ಯಾಬಿಗೆ ಸೇರತ್ತಾ?

ಇಲ್ಲ, ಅದು ಕೀಟ ವಿಭಾಗ. ಈಗ ಮೆಕ್ಕೆಜೋಳ ತಿನ್ನುತ್ತಿರುವ ಫಾಲ್ ಸೈನಿಕ ಹುಳುವನ್ನು (ಫಾಲ್ ಆರ್ಮಿವರ್ಮ್) ಭಾರತದಲ್ಲಿ ಮೊದಲು ಗುರುತಿಸಿದ್ದು 2018ರ ಮೇ ತಿಂಗಳಲ್ಲಿ, ಪಕ್ಕದ ಶಿವಮೊಗ್ಗದಲ್ಲೇ.

ಜೀನ್ ಎಡಿಟಿಂಗ್ ಅಂತಾರಲ್ಲ, ಅದೂ ಕುಲಾಂತರಿನೇ ಅಲ್ವಾ?

ಬಿಟಿ ಹತ್ತಿಯಲ್ಲಿ ಮಣ್ಣಿನ ದುಂಡಾಣುವಿನ ಜೀನನ್ನು ಹತ್ತಿಗೆ ಸೇರಿಸಿದ್ದಾರೆ. ಅದು ಕುಲಾಂತರಿ, ನಮ್ಮ ದೇಶದಲ್ಲಿ 2002ರಿಂದ ಇದೆ. ಬಿಟಿ ಬದನೆಯನ್ನು 2010ರಲ್ಲಿ ತಡೆಹಿಡಿದರು. ಜೀನ್ ಎಡಿಟಿಂಗ್‌ನಲ್ಲಿ ಗಿಡದ ಸ್ವಂತ ಜೀನಿನ ಒಂದೆರಡು ಅಕ್ಷರ ಅಳಿಸುವುದು ಅಥವಾ ತಿದ್ದುವುದು. ಹೊರಗಿನ ಜೀನು ಉಳಿಯದಿದ್ದರೆ ಅಂಥ ಗಿಡಗಳಿಗೆ ಕುಲಾಂತರಿಯ ಬಿಗಿ ನಿಯಮಗಳಿಂದ 2022ರಲ್ಲಿ ವಿನಾಯಿತಿ ಕೊಟ್ಟರು. 2025ರ ಮೇನಲ್ಲಿ ಕೇಂದ್ರ ಸರ್ಕಾರ ಇಂಥ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತು. ಅವುಗಳಲ್ಲಿ ಪೂಸಾ ಡಿಎಸ್‌ಟಿ ರೈಸ್-1 ಅನ್ನುವುದು ಎಂಟಿಯು-1010 ಅನ್ನುವ ಭತ್ತದ ತಳಿಯಿಂದ ಬಂದದ್ದು, ಬರ ಮತ್ತು ಉಪ್ಪು ತಾಳುವುದಕ್ಕೆ ಅಂತಲೇ ಮಾಡಿದ್ದು. ತಾಳಿಕೆಗೆ ಬ್ರೇಕ್ ಹಾಕುತ್ತಿದ್ದ ಒಂದು ಜೀನನ್ನು ಕೆಲಸ ಮಾಡದಂತೆ ಮಾಡಿದ್ದಾರೆ.

ನನ್ನ ಅಭಿಪ್ರಾಯ? ವಿಧಾನಕ್ಕೆ ಹೆದರಬೇಕಾಗಿಲ್ಲ. ಬೀಜದ ಬೆಲೆ ಎಷ್ಟು, ಮನೆಯಲ್ಲಿ ಬೀಜ ಇಟ್ಟುಕೊಳ್ಳಬಹುದಾ, ನಮ್ಮ ಕಾಲುವೆಯ ಕೊನೆಭಾಗದ ಜೌಗು ಮಣ್ಣಿನಲ್ಲಿ ಹೇಗೆ ಬರುತ್ತದೆ, ಇವನ್ನು ಮಾತ್ರ ಬಿಡದೆ ಕೇಳಿ.

ಲ್ಯಾಬಿನಲ್ಲಿ ಗೆದ್ದಿದ್ದು ಹೊಲದಲ್ಲಿ ಯಾಕೆ ಸೋಲುತ್ತೆ?

ಲ್ಯಾಬಿನಲ್ಲಿ ಒಂದು ಗಿಡ, ಒಂದು ರೋಗ, 25 ಡಿಗ್ರಿ. ನಿಮ್ಮ ಹೊಲದಲ್ಲಿ ಇದೆಲ್ಲ ಎಲ್ಲಿದೆ? ತಟ್ಟೆಯಲ್ಲಿ ಗೆದ್ದ ಹತ್ತರಲ್ಲಿ ಒಂದು ಹೊಲದಲ್ಲಿ ಗೆದ್ದರೂ ನಾವು ಸಿಹಿ ಹಂಚುತ್ತೇವೆ.

ನಮಗೆ ಹತ್ತಿರದಲ್ಲಿ ಯಾರನ್ನು ಕೇಳಬೇಕು?

ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಚಿತ್ರದುರ್ಗದವರಿಗೆ ಹಿರಿಯೂರಿನ ಬಬ್ಬೂರು ಫಾರಂ. ಚನ್ನಗಿರಿ ಕಡೆ ಕತ್ತಲಗೆರೆಯ ಸಂಶೋಧನಾ ಕೇಂದ್ರ. ಹೋಬಳಿಯ ರೈತ ಸಂಪರ್ಕ ಕೇಂದ್ರ ಎಲ್ಲರಿಗೂ ಇದೆ. ಫೋನಿನಲ್ಲೇ ಕೇಳಬೇಕಾದರೆ ಕಿಸಾನ್ ಕಾಲ್ ಸೆಂಟರ್ 1800-180-1551, ಕನ್ನಡದಲ್ಲೇ ಮಾತಾಡುತ್ತಾರೆ.

ಮಗಳು ಪಿಯುಸಿ ಓದ್ತಿದಾಳೆ. ಈ ಕೆಲಸಕ್ಕೆ ಬರಬೇಕಂದ್ರೆ?

ಸೈನ್ಸ್ ತಗೊಂಡಿದ್ದರೆ ಸಿಇಟಿ ಬರೆದು ಬಿಎಸ್ಸಿ ಕೃಷಿ ಅಥವಾ ತೋಟಗಾರಿಕೆ ಓದಬಹುದು. ಹಿರಿಯೂರಿನಲ್ಲೇ ತೋಟಗಾರಿಕೆ ಕಾಲೇಜಿದೆ. ರೈತರ ಮಕ್ಕಳಿಗೆ ಪ್ರಾಕ್ಟಿಕಲ್ ಪರೀಕ್ಷೆ ಇರುವ ಕೋಟಾ ಇದೆ, ಅಲ್ಲಿ ಬೀಜ, ಗೊಬ್ಬರ, ಸಲಕರಣೆ ಗುರುತಿಸಬೇಕು. ಹೊಲಕ್ಕೆ ಕರೆದುಕೊಂಡು ಹೋಗಿ, ಅದೇ ಕೋಚಿಂಗು. ಸಿಇಟಿ ಆಗದಿದ್ದರೆ ಸಾದಾ ಬಿಎಸ್ಸಿ ಮಾಡಿ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಅಥವಾ ಮೈಕ್ರೋಬಯಾಲಜಿ ಎಂಎಸ್ಸಿ ಮಾಡಿಯೂ ಈ ದಾರಿಗೆ ಬರಬಹುದು. ಕುಂಡ ಎತ್ತುವುದಿದೆ ಅಂತ ಮಾತ್ರ ಮೊದಲೇ ಹೇಳಿಬಿಡಿ.

ಭಾನುವಾರ ಗಿಡ ತರಬಹುದಾ?

ಬೇಡ. ಸೋಮವಾರ ಬೆಳಿಗ್ಗೆ ಅಗೆದು ಸೋಮವಾರವೇ ತನ್ನಿ. ಶನಿವಾರ ಕಿತ್ತು ಬೈಕಿನ ಡಿಕ್ಕಿಯಲ್ಲಿ ಇಟ್ಟಿದ್ದನ್ನು ತಂದು "ಫ್ರೆಶ್ ಇದೆ ಮೇಡಂ" ಅನ್ನಬೇಡಿ. ವಾಸನೆ ನಮಗೂ ಬರುತ್ತದೆ.